ಹಿಕರಿ ರಿಜ್ ಬಡಾವಣೆಯ ಬೇಲಿ

ಮಾರ್ಚ್ 3, ಸೋಮವಾರ
ಅಟ್ಲಾಂಟಾದಿಂದ ಬಸ್ಸು ಸರಿಯಾದ ಹೊತ್ತಿಗೇ ಬಂತು. ಇಳಿದು ಪೈನ್ ಮರಗಳ ನಡುವಿನ ಕಾಲುದಾರಿ ಹಿಡಿದರೆ — ಬೇಲಿ. ಆರಡಿ ಎತ್ತರ, ಹೊಸ ಹಲಗೆ. ಮೇಲೊಂದು ಬೋರ್ಡು: "ನಿವಾಸಿಗಳಿಗೆ ಮಾತ್ರ." ಆಚೆಗೇ ನಾನು ಆರೈಕೆ ಮಾಡುವ ಗ್ರೇಡಿಯವರ ಹಿತ್ತಲು. ಆರು ವರ್ಷದಿಂದ ನಾಲ್ಕೇ ನಿಮಿಷದಲ್ಲಿ ಮುಟ್ಟುತ್ತಿದ್ದ ಮನೆ. ಇಂದು ಹೆದ್ದಾರಿ ಸುತ್ತಿ, ಮುಂದಿನ ಗೇಟಿನಿಂದ... ನಲವತ್ತೈದು ನಿಮಿಷ. ಫುಟ್‌ಪಾತ್ ಇಲ್ಲ. ಮೈಗೆ ತಾಗುವಂತೆ ಲಾರಿಗಳು.
"ವರ್ಲೀನ್, ಇನ್ಸುಲಿನ್ ಹೊತ್ತು ಮೀರಿಹೋಯ್ತಲ್ಲ!" ಅಂದರು ಗ್ರೇಡಿ.
"ಬೇಲಿ ಹಾಕಿದಾರೆ ಸರ್."
"ಯಾವ ಬೇಲಿ?"
ಪಾಪ, ಎಂಬತ್ತೊಂದು ವರ್ಷ. ಕಣ್ಣು ಅರೆಬರೆ ಕಾಣುತ್ತದೆ.

ಮಾರ್ಚ್ 6
ಡ್ರೈವರ್ ಡೆಶಾನ್‌ನನ್ನು ಕೇಳಿದೆ. "ಬಸ್ಸು ಗೇಟಿನ ತನಕ ಬರಲ್ವೇನಪ್ಪ?"
"ಬಡಾವಣೆಯವರೇ ಬೇಡ ಅಂದಿದ್ದು ಅಕ್ಕ. ಬಸ್ಸು ಬಂದ್ರೆ ಕಳ್ಳರು ಬರ್ತಾರಂತೆ."
"ಕಳ್ಳರು ಅರ್ಧ ಗಂಟೆ ಬಸ್ಸಿಗೆ ಕಾಯ್ತಾರಾ?"
ಅವನು ನಕ್ಕ. ನನಗೆ ಮೈಯೆಲ್ಲ ಉರಿ. ಇವರ ಕೂಸುಗಳನ್ನು ತೊಳೆಯುವವರು, ಇವರ ಅಪ್ಪಂದಿರಿಗೆ ಸೂಜಿ ಚುಚ್ಚುವವರು — ಎಲ್ಲ ಆ ಬಸ್ಸಿನಲ್ಲೇ ಬರುವುದು.

ಮಾರ್ಚ್ 11
ದೂರು ಹೇಳಲು ಹೋದರೆ, ಬಡಾವಣೆ ಸಂಘದ ಅಧ್ಯಕ್ಷೆ ಮಿಸೆಸ್ ಕೆಂಡ್ರಿಕ್ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಳು. "ವೋಟ್ ಹಾಕಿ ತೀರ್ಮಾನ ಮಾಡಿದೀವಿ. ನೀವೊಂದು ಕಾರು ತಗೊಂಡ್ಬಿಡಿ." ವೋಟಿನ ಪಟ್ಟಿ ತೋರಿಸಿದಳು. "ನಿಮ್ಮ ಗ್ರೇಡಿಯವರೂ ಹೌದು ಅಂದಿದಾರೆ, ನೋಡಿ."
ಜನವರಿಯ ಆ ಕಾಗದ! "ಸಂಘದ್ದೇನೋ, ಹೌದು ಅಂತ ಗುರುತು ಹಾಕಿ ಕಳಿಸಿಬಿಡು" ಅಂದಿದ್ದರು ಗ್ರೇಡಿ. ಐದು ಗಂಟೆಯ ಬಸ್ಸು ತಪ್ಪುತ್ತದೆಂದು ನಾನೂ ಓದಲಿಲ್ಲ. ಗುರುತು ಹಾಕಿದ್ದು ಈ ಕೈ.

ಮಾರ್ಚ್ 12
ನಡೆದು ನಡೆದು ನನ್ನ ಮಂಡಿ ಊದಿದೆ. ಗ್ರೇಡಿಯವರ ಮೇಲೆ ಕೂಗಾಡಿದೆ. "ಓದಿ ಹೇಳು ಅನ್ನಬೇಕಿತ್ತು ನೀವು! ಇನ್ನು ಬರಲ್ಲ ನಾನು."
ಹಿತ್ತಲ ಬಾಗಿಲ ಕಡೆ ಮುಖ ತಿರುಗಿಸಿದರು. ಆಮೇಲೆ, "ಹಿತ್ತಲ ಬಾಗಿಲಿಂದ ಎಷ್ಟು ಹೆಜ್ಜೆ ಆ ಬೇಲಿ?"
ಚೀಲ ಎತ್ತಿಕೊಂಡು ಹೊರಟುಬಂದೆ.

ಮಾರ್ಚ್ 24. ಬೆಳಿಗ್ಗೆ 9.20, ಗ್ರೇಡಿಯವರ ಅಡುಗೆಮನೆ
ನಾನು ಬರದ ದಿನಗಳಲ್ಲಿ ಬದಲಿ ನರ್ಸ್ ಬರುತ್ತಿದ್ದಳಂತೆ; ನಿನ್ನೆ ಅವರೇ ಫೋನು ಮಾಡಿದ್ದರು. "ಬಾ. ಹಳೇ ದಾರೀಲೇ ಬಾ."
ಬಂದೆ. ಬೇಲಿಯಲ್ಲಿ ಮೂರು ಹಲಗೆ ಇಲ್ಲ. ಮನೆಯ ಚಪ್ಪಲಿಯಲ್ಲೇ, ಬೆವರುತ್ತ, ಗ್ರೇಡಿ ನಾಲ್ಕನೆಯದನ್ನು ತಡವುತ್ತಿದ್ದಾರೆ. ಬೆರಳಿಂದ ರಕ್ತ. ಅವರ ಕೈಯಲ್ಲಿದ್ದ ಗರಗಸ ಕಿತ್ತುಕೊಂಡು ನಾನೇ ಕೊಯ್ದೆ. ಹಾಯೆನಿಸಿತು.
ಇನ್ಸುಲಿನ್ ಕೊಟ್ಟೆ. ಬೆರಳಿಗೆ ಪಟ್ಟಿ ಕಟ್ಟಿದೆ. ಈಗ ಹೊರಗೆ ಪೊಲೀಸ್ ಕಾರು, ಕೆಂಡ್ರಿಕ್‌ಳ ದನಿ.
"ನೀನು ಬಾಯಿ ಬಿಡಬೇಡ. ನನ್ನ ಮನೆ, ನನ್ನ ಗರಗಸ" ಅಂತಾರೆ ಗ್ರೇಡಿ.
ಬಾಯಿ ಬಿಡಬಾರದಂತೆ! ಬಾಗಿಲು ಬಡಿಯುತ್ತಿದ್ದಾರೆ. ತೆಗೆದು ಮೊದಲು ಹೇಳುವುದು — ಗುರುತು ಹಾಕಿದ್ದೂ ಈ ಕೈ, ಕೊಯ್ದದ್ದೂ ಈ ಕೈ.