ಎರಡನೆಯ ವಚನ ನಿನ್ನದು

ಜೇವರ್ಗಿ
ಗುರುವಾರ

ಅವ್ವನಿಗೆ ನಿನ್ನ ಮೊಂಡು ಮಗಳು ಸಪ್ನಾ ಮಾಡುವ ಪ್ರೀತಿಯ ವಂದನೆಗಳು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅತ್ತರೆ ನನ್ನ ಸಿಟ್ಟು ಕರಗಿಬಿಡುತ್ತದೆ. ಈ ಸಲ ಅದು ಕರಗುವುದು ನನಗೆ ಬೇಡ.

ಅಪ್ಪನ ತೀರ್ಪು ಮುಟ್ಟಿತು. ಬರುವ ಭಾನುವಾರ ಅಫಜಲಪುರದ ನಮ್ಮ ಚರ್ಚಿನ ಸಭೆಯ ಎದುರು ನಿಂತು ನಾನು ಐವತ್ತೊಂದನೆಯ ಕೀರ್ತನೆ ಓದಬೇಕು, ಅದೇ, ಪಾಪಿ ಕ್ಷಮೆ ಬೇಡುವ ಕೀರ್ತನೆ. ಅಲ್ಲಿಯವರೆಗೆ ಪ್ರಭುಭೋಜನದ ರೊಟ್ಟಿ ನನಗಿಲ್ಲ. "ಮನಿ ಮಾತು ಠಾಣೆಗೆ ಒಯ್ದಾಕಿ ದೇವರ ಮುಂದ ತಲಿ ಬಗ್ಗಸ್ಲಿ" ಎಂದರಂತೆ, ಸಭೆಯ ಹಿರಿಯರಾದ ನನ್ನ ಅಪ್ಪ! ನೀನೂ "ಒಂದು ಕೀರ್ತನಿ ಓದಿದ್ರ ನಿನ್ನ ಗಂಟೇನ್ ಹೋಗ್ತದ ಬೇ" ಅಂದೆ.

ಹೋಗುತ್ತದವ್ವ. ಜಯಮಾಲಾ ವೈನಿಯ ಮಾತು ಸುಳ್ಳಾಗಿ ಹೋಗುತ್ತದೆ. ನೀವೆಲ್ಲ ಹೇಳುವಂತೆ ಅವಳು ಬಚ್ಚಲಲ್ಲಿ ಜಾರಿ ಬೀಳಲಿಲ್ಲ. ಅವಳ ಕೈ ಮುರಿದವನು ಅವಳ ಗಂಡ, ನಿನ್ನ ಮಗ ದೇವಾನಂದ. ಅಂದು ನಾನು ಪಡಸಾಲೆಯಲ್ಲಿದ್ದೆ, ಕಣ್ಣಾರೆ ಕಂಡೆ. ನೀನು ಒಲೆಯ ಮುಂದಿದ್ದೆ. ಅವಳ ಕೂಗು ಕೇಳಬಾರದೆಂದು ರೊಟ್ಟಿಯನ್ನು ಇನ್ನೂ ಜೋರಾಗಿ ಬಡಿದೆ. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಠಾಣೆಯಲ್ಲಿ ನಾನು ಕಂಡದ್ದನ್ನಷ್ಟೇ ಹೇಳಿದೆ. ಅಣ್ಣನಿಗೆ ಮಾತ್ರ ಕಳೆದ ವಾರವೂ ಪ್ರಭುಭೋಜನದ ರೊಟ್ಟಿ ಸಿಕ್ಕಿತಂತೆ. ಎಂಥ ನ್ಯಾಯ ಅವ್ವ ಇದು!

ಬರುತ್ತೇನೆ. ಆದರೆ ಓದುವುದು ಎಂಬತ್ತೆರಡನೆಯ ಕೀರ್ತನೆ. ಅದರಲ್ಲಿ ದೇವರು ನ್ಯಾಯ ಹೇಳುವವರ ನಡುವೆಯೇ ಎದ್ದು ನಿಂತು, ಕೆಟ್ಟವರ ಪಕ್ಷ ಇನ್ನೆಷ್ಟು ದಿನ ಹಿಡಿಯುತ್ತೀರಿ ಎಂದು ಅವರನ್ನೇ ಕೇಳುತ್ತಾನೆ. ದೇವರ ತೀರ್ಪು ಪ್ರಸಂಗಪೀಠದ ಕೆಳಗೆ ಕೂತವರಿಗೆ ಮಾತ್ರ ಎಂದು ಅಪ್ಪ ತಿಳಿದಿದ್ದಾರೆ. ಮೇಲೆ ನಿಂತವರೂ ಲೆಕ್ಕ ಒಪ್ಪಿಸಬೇಕು. ನಾನೂ ಒಪ್ಪಿಸಬೇಕು. ನನ್ನ ಸಾಕ್ಷಿ ಸುಳ್ಳಾದರೆ ದೇವರು ನನ್ನನ್ನು ಕೇಳಲಿ, ತಲೆ ಬಗ್ಗಿಸಿ ನಿಲ್ಲುತ್ತೇನೆ. ಅಪ್ಪನ ಮುಂದೆ ಬಗ್ಗಿಸುವುದಿಲ್ಲ.

ವೈನಿ ಇಲ್ಲಿ ನನ್ನ ಕೋಣೆಯಲ್ಲೇ ಇದ್ದಾಳೆ. ಮೊದಲು ಹೆದರಿದಳು. ಇವತ್ತು ತಾನಾಗಿಯೇ "ನಾನೂ ಬರ್ತೇನಿ, ಮುಂದಿನ ಸಾಲಿನ್ಯಾಗ ಕೂಡ್ತೇನಿ" ಅಂದಳು. ಕೈಯ ಪಟ್ಟಿ ಇನ್ನೂ ಬಿಚ್ಚಿಲ್ಲ, ಎಲ್ಲರೂ ನೋಡಲಿ.

ಮೈಕ್ ಕಿತ್ತುಕೊಂಡರೆ ಕಿತ್ತುಕೊಳ್ಳಲಿ. ನನ್ನ ಗಂಟಲು ನಿನ್ನಿಂದ ಬಂದದ್ದು, ಬಾಗಿಲವರೆಗೂ ಕೇಳುತ್ತದೆ.

ನಿನ್ನದೇ ದನಿಯ,
ಸಪ್ನಾ

ತಾ.ಕ.: ನಮ್ಮ ಸಭೆಯಲ್ಲಿ ಕೀರ್ತನೆಯ ಒಂದು ವಚನ ಓದುವವರದು, ಮುಂದಿನದು ಕೂತವರದು. ಆ ಉತ್ತರವನ್ನು ಮೊದಲು ಎತ್ತುವವಳು ಯಾವತ್ತೂ ನೀನೇ. ಉಳಿದವರು ನಿನ್ನ ಹಿಂದೆ ಬರುತ್ತಾರೆ. ಎಂಬತ್ತೆರಡು ನಿನಗೆ ಬಾಯಿಪಾಠ. ನಾನು ಚಿಕ್ಕವಳಿದ್ದಾಗ ನನಗೆ ಕಲಿಸಿದವಳು ನೀನು, ಊದಿದ ತುಟಿಯಲ್ಲಿ. ಬಚ್ಚಲಲ್ಲಿ ಜಾರಿದೆ ಎಂದು ಅಂದು ನೀನೂ ಹೇಳಿದ್ದೆ. "ಇನ್ನೆಷ್ಟು ದಿನ" ಎಂದು ಕೇಳುವುದು ಎರಡನೆಯ ವಚನ, ಅಂದರೆ ನಿನ್ನದು. ಮೊದಲನೆಯದನ್ನು ಓದಿ, ನಿನ್ನ ದನಿ ಬರುವವರೆಗೆ ನಾನು ಅಲ್ಲೇ ನಿಂತಿರುತ್ತೇನೆ.