ಸುಗ್ಗಿ ಹಬ್ಬಕ್ಕೆ ಬಂದ ಕೋಳಿ

ಚಿಂತಾಕಿ, ಔರಾದ ತಾಲೂಕು
29 ಫೆಬ್ರುವರಿ 2016

ಪ್ರೀತಿಯ ಮಗಳು ಮೀರಾಳಿಗೆ,

ಯೇಸುಸ್ವಾಮಿಯ ದಯೆಯಿಂದ ನಿನ್ನ ಅವ್ವ ಭಾಗೀರಥಿ, ನಾನು, ನಮ್ಮ ಮುದಿ ಎಮ್ಮೆ ಮೂವರೂ ಉಸಿರಾಡಿಕೊಂಡಿದ್ದೇವೆ. ಜಹೀರಾಬಾದಿನಲ್ಲಿ ನೀನೂ ಸಲೋಮಿಯೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಿಬಿಡೋಣವೆಂದು ಹಚ್ಚಿದ್ದೆ. ನೀನು ‘ಅಪ್ಪಾ’ ಎಂದೊಡನೆ ಎಮ್ಮೆಯ ಮಾತು, ನೀರಿನ ಮಾತು ಆಡಿ ಇಟ್ಟುಬಿಟ್ಟೆ.

ಪುನರುತ್ಥಾನದ ಹಬ್ಬಕ್ಕೆ ಇಬ್ಬರೂ ಬಂದು, ಅವ್ವನ ಪಕ್ಕದಲ್ಲಿ ಮೊಣಕಾಲೂರಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬಹುದೇ ಎಂದು ಕೇಳಿದ್ದೀಯಲ್ಲ, ಅದನ್ನು ಮರೆತಿಲ್ಲ. ಅಲ್ಲಿಗೇ ಬರುತ್ತೇನೆ. ನಿನ್ನಪ್ಪನ ಮಾತು ಸುತ್ತು ಹೊಡೆದೇ ಬರುತ್ತದೆ ಎಂಬುದು ನಿನಗೆ ಗೊತ್ತಿದ್ದದ್ದೇ.

ಹಿಂಗಾರಿ ಜೋಳ ಮೊಣಕಾಲೆತ್ತರ ಬಂದು ನಿಂತಲ್ಲೇ ಒಣಗಿತು. ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ. ಎಲ್ಲರೂ ಹೈದರಾಬಾದು, ಪುಣೆ ಎಂದು ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಭಾನುವಾರ ಚರ್ಚಿನಲ್ಲಿ ಹಾಡು ಎತ್ತಿದರೆ ನನ್ನ ದನಿ ನನಗೇ ತಿರುಗಿ ಬರುತ್ತದೆ.

ಇಂಥದರಲ್ಲಿ ಸುಗ್ಗಿ ಹಬ್ಬ ಬಂತು. ಸುಗ್ಗಿ ಇಲ್ಲ, ಹಬ್ಬ ಮಾತ್ರ. ಕರ್ತನ ಮೇಜಿನ ಮುಂದೆ ಏನಿಡುವುದು? ಊರು ಬಿಟ್ಟವರಿಗೆಲ್ಲ ಹೇಳಿ ಕಳಿಸಿದೆವು, ನೀವು ಬೆಳೆದದ್ದು, ಸಾಕಿದ್ದು ಏನಿದ್ದರೂ ಕಳಿಸಿ ಎಂದು. ಒಬ್ಬರು ಹಳೆಯ ಡಬ್ಬಿಯಲ್ಲಿ ಬೆಳೆದ ಪುದೀನ ಕಳಿಸಿದರು. ನೀವು ಕೋಳಿ ಕಳಿಸಿದಿರಿ. ಔರಾದ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಉಸ್ಮಾನ ಮಿಯಾ ಬುಟ್ಟಿಯನ್ನು ನನ್ನ ಕೈಗಿಡುತ್ತ, “ಚಾಚಾ, ದಾರಿತನಕ ಟಿಕೀಟ ಕೇಳ್ದೆ. ಬರೇ ಕುಟುಕ್ತದ್ರಿ” ಎಂದ. ಬಹಳ ದಿನದ ಮೇಲೆ ನಕ್ಕೆ.

ಬಂದದ್ದನ್ನು ಹರಾಜು ಕೂಗಿ ಮಾರುವ ಕೆಲಸ ನನ್ನದೇ ತಾನೆ. ಕೊಟ್ಟ ಮನೆಯ ಯಜಮಾನ, ಯಜಮಾನಿ ಇಬ್ಬರ ಹೆಸರನ್ನೂ ಜೋಡಿಸಿ ಕೂಗಬೇಕು. ಕೊಟ್ಟ ಮನೆಯವರು ತಮ್ಮ ವಸ್ತುವಿಗೆ ತಾವೇ ಸವಾಲು ಹಾಕಿ ಕೊಳ್ಳಬಾರದು. ನನ್ನ ಅಜ್ಜನ ಕಾಲದಿಂದ ನಡೆದದ್ದು ಹೀಗೆಯೇ.

ಭಾಲ್ಕಿಯಿಂದ ಮೋಟರ್ ಸೈಕಲ್ ಮೇಲೆ ಬರುವ ಪಾಸ್ಟರ್ ಯಾಕೂಬ ಅವತ್ತು ಬೇಗ ಬಂದು ನನ್ನನ್ನು ಬೇವಿನ ಮರದ ಕೆಳಗೆ ಕರೆದರು. ಬೀದರಿನಲ್ಲಿ ನಮ್ಮ ಪಂಗಡದ ಹಿರಿಯರು ಕೂಡಿ ನಿರ್ಣಯ ಮಾಡಿದ್ದಾರಂತೆ. ಹೆಣ್ಣು ಹೆಣ್ಣಿನ ಜೊತೆ, ಗಂಡು ಗಂಡಿನ ಜೊತೆ ಸಂಸಾರ ಹೂಡಿದವರು ಚರ್ಚಿಗೆ ಬರಬಹುದು, ವಾಕ್ಯ ಕೇಳಬಹುದು. ಅವರಿಗೆ ಕರ್ತನ ಭೋಜನ ಕೊಡಬಾರದು, ಹಾಡುವವರ ಸಾಲಿಗೆ ಸೇರಿಸಬಾರದು. ಸತ್ಯವೇದ ಪಾಪ ಎಂದದ್ದನ್ನು ಅಲ್ಲವೆನ್ನಲು ನಾವು ಯಾರು ಎಂದರು ಪಾಸ್ಟರು. ನಿನ್ನ ಅವ್ವನಿಗೆ ಜ್ವರ ಏರಿದಾಗ ರಾತ್ರಿಯೆಲ್ಲ ಕೂತು ಪ್ರಾರ್ಥನೆ ಮಾಡಿದ ಮನುಷ್ಯ ಅವರು. ಕೆಟ್ಟವರು ಎನ್ನಲು ನನಗೆ ಬಾಯಿ ಬರುವುದಿಲ್ಲ.

“ನರಸಿಂಗಣ್ಣ, ಕೋಳಿದು ನನಗೇನೂ ತಕರಾರಿಲ್ರಿ,” ಎಂದರು. “ಆದ್ರ ಎರಡು ಹೆಸರು ಕೂಡಿಸಿ ಕೂಗಬ್ಯಾಡ್ರಿ. ಕೂಗಿದ್ರ ಸಭಾ ಅದನ್ನ ಒಂದು ಮನಿ ಅಂತ ಒಪ್ಪಿದಂಗ ಆಗ್ತದ.”

ಆಗಲಿ ಎಂದೆ. ಮನಸ್ಸಿನಿಂದಲೇ ಎಂದೆ. ಆದರೆ ಇಷ್ಟು ವರ್ಷ ಕೂಗಿ ಕೂಗಿ ನಾಲಿಗೆಗೆ ಅದರದೇ ದಾರಿ ಬಿದ್ದಿದೆ. ಪುದೀನ ಮಾರಿದೆ, ಒಂದು ಬೊಗಸೆ ಅಲಸಂದಿ ಮಾರಿದೆ, ಕೋಳಿಯನ್ನು ಎತ್ತಿ ಹಿಡಿದೆ. “ಮೀರಾ-ಸಲೋಮಿ ಮನಿ ಕೋಳಿ, ಕೂಗ್ರಿ ಯಪ್ಪಾ” ಎಂದುಬಿಟ್ಟೆ. ಆಮೇಲೆ ವೈಜಿನಾಥ ಸವಾಲು ಹಾಕಿ ಕೊಂಡುಕೊಂಡ. ಅಲ್ಲಿಗೆ ಮುಗಿಯಿತು. ಹಬ್ಬ ಚೆನ್ನಾಗಿಯೇ ಆಯಿತು.

ಸವಾಲಿನ ಕೆಲಸ, ಕಾಣಿಕೆ ತಟ್ಟೆ ಹಿಡಿಯುವ ಕೆಲಸ ಈಗ ನನ್ನ ಹತ್ತಿರ ಇಲ್ಲ. ಅದರ ಚಿಂತೆ ನಿನಗೆ ಬೇಡ. ಮೊಣಕಾಲಿಗೆ ಆರಾಮವೇ ಆಯಿತು.

ಇನ್ನು ನಿನ್ನ ಪ್ರಶ್ನೆ. ನೀವು ಬಂದರೆ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಎಲ್ಲರೂ ಎದ್ದು ಮುಂದೆ ಹೋಗುವಾಗ ನೀವಿಬ್ಬರು ಕೂತಲ್ಲೇ ಇರಬೇಕು, ಅಷ್ಟೇ. ಲಂಗ ಹಾಕುವ ವಯಸ್ಸಿನಿಂದ ನೀನು ಹಾಡು ಎತ್ತಿದ ಜಾಗ ಅದು. ಬಾ ಎನ್ನಲೂ ಶಕ್ತಿಯಿಲ್ಲ, ಬೇಡ ಎನ್ನಲೂ ಇಲ್ಲ. ದಣಿದಿದ್ದೇನೆ ತಾಯಿ. ದೇವರ ಮೇಲೆ ಸಿಟ್ಟಿಲ್ಲ. ಈ ಜನರ ಮೇಲೆ ಸಿಟ್ಟು ಮಾಡೋಣವೆಂದರೆ, ಇವರನ್ನು ಬಿಟ್ಟು ನನಗೆ ಬೇರೆ ಜನ ಯಾರಿದ್ದಾರೆ?

ಸಲೋಮಿಗೆ ನನ್ನ ಆಶೀರ್ವಾದ ಹೇಳು. ಇಬ್ಬರ ತಲೆಯ ಮೇಲೂ ದೇವರ ಕೈ ಇರಲಿ. ನಿಮ್ಮ ನಲ್ಲಿಯಲ್ಲಿ ನೀರು ಬರುತ್ತಿರಲಿ.

ನಿನ್ನ ಅಪ್ಪ,
ನರಸಿಂಗ

ತಾ.ಕ.: ಪತ್ರ ಮಡಚುತ್ತಿದ್ದಾಗ ನಿನ್ನ ಅವ್ವ, “ಕೋಳಿದು ಖರೇ ಬರ್ದೀರಿಲ್ಲ?” ಎಂದು ಕೇಳಿದಳು. ಬರೆದಿರಲಿಲ್ಲ. ವೈಜಿನಾಥ ಸವಾಲು ಹಾಕಲಿಲ್ಲ ಮೀರಾ. ಯಾರೂ ಹಾಕಲಿಲ್ಲ. ನಗಿಸಿ ನೋಡಿದೆ, ಬೆಲೆ ಇಳಿಸಿ ನೋಡಿದೆ. ಯಾರ ಕೂಸುಗಳನ್ನು ನೀನು ಸೊಂಟದ ಮೇಲೆ ಹೊತ್ತು ತಿರುಗಿದೆಯೋ ಅವರೆಲ್ಲ ನೆಲ ನೋಡುತ್ತ ಕೂತರು. ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ನಿಂತೇ ಇದ್ದೆ. ಆಗ ಹೆಂಗಸರ ಕಡೆಯಿಂದ ನಿನ್ನ ಅವ್ವ ಎದ್ದು ಸವಾಲು ಹಾಕಿದಳು. ಪಕ್ಕದಲ್ಲಿದ್ದ ಕೌಸಲ್ಯಾಬಾಯಿ ಅವಳ ಸೆರಗು ಜಗ್ಗಿ, ಕೊಟ್ಟ ಮನೆಯವರು ಕೂಗಬಾರದು, ಮರೆತೆಯಾ ಎಂದಳು. ನಿನ್ನ ಅವ್ವ ಎಲ್ಲರಿಗೂ ಕೇಳುವ ಹಾಗೆ, “ಕೋಳಿ ಅವರಿಬ್ಬರ ಮನಿದು. ನನ್ನ ಮನಿ ಬ್ಯಾರೆ. ಕೂಗ್ತೇನಿ” ಎಂದಳು.

ಕೋಳಿ ನಮ್ಮ ಹಿತ್ತಲಲ್ಲಿದೆ. ಮರು ಭಾನುವಾರ ಎಲ್ಲರೂ ಕರ್ತನ ಭೋಜನಕ್ಕೆ ಎದ್ದು ಹೋದರು, ಇವಳು ಏಳಲಿಲ್ಲ. ಪುನರುತ್ಥಾನದ ಹಬ್ಬದ ದಿನವೂ ಏಳುವುದಿಲ್ಲವಂತೆ. “ಅವರಿಗಿ ಬರ್ಲಿಕ್ಕಿ ಹೇಳ್ರಿ. ಮೂರು ಮಂದಿ ಕೂಡೇ ಕುಂದರ್ತೇವಿ ಅಂತ ಬರೀರಿ” ಎಂದು ಒಲೆಯ ಮುಂದಿನಿಂದಲೇ ಹೇಳುತ್ತಿದ್ದಾಳೆ. ನನಗೂ ಮೊಣಕಾಲು ನೋವು. ನಾಲ್ಕು ಮಂದಿ ಎಂದು ಬರೆಯುತ್ತಿದ್ದೇನೆ.