ಕದಲದ ಎಪ್ಪತ್ತೆಂಟು

ಮನೆಮಂದಿಯೆಲ್ಲ ತಕರಾರಮ್ಮನೆಂದು ಕರೆಯುವ ನನ್ನ ತಂಗಿಯ ಮಗಳಿಗೆ, ಆಸ್ಪತ್ರೆಯ ಎರಡನೆಯ ಮಹಡಿಯ ಹಾಸಿಗೆಯಿಂದ ಸೋದರಮಾವನ ಆಶೀರ್ವಾದಪೂರ್ವಕ ಅರಿಕೆ.

ಇಂದು ಬೆಳಿಗ್ಗೆ ಹನ್ನೊಂದಕ್ಕೆ ನನ್ನನ್ನು ಶಸ್ತ್ರಚಿಕಿತ್ಸೆಗೆ ಒಯ್ಯುವವರಿದ್ದಾರೆ. ಅದಕ್ಕೆ ಮುಂಚೆ ಈ ಕಾಗದ ಮುಗಿಯಬೇಕು. ಫೋನಿನಲ್ಲಿಯೇ ಹೇಳಬಹುದಿತ್ತಲ್ಲ ಎಂದು ನಿನ್ನ ತಾಯಿ ಪಕ್ಕದಲ್ಲಿ ಕುಳಿತು ಗೊಣಗುತ್ತಿದ್ದಾಳೆ. ಬಾಯಿಮಾತನ್ನು ನಂಬಿ, ನಾನು ಬಿಟ್ಟುಬಂದ, ಈಗ ನೀನು ದುಡಿಯುವ ಕಂಪನಿ ಕೋಡಿನ ಒಂದು ಸಾಲನ್ನೂ ತಿದ್ದುವುದಿಲ್ಲ. ಆ ಕಟ್ಟಳೆ ಮಾಡಿದವನೇ ನಾನು. ರೋಗಿಯ ಎದೆಬಡಿತವನ್ನು ತಂತಿಯಿಲ್ಲದೆ ದಾದಿಯರ ಮೇಜಿಗೆ ಮುಟ್ಟಿಸುವ ಮಾನಿಟರಿನ ರೇಡಿಯೋ ಡ್ರೈವರ್, ಅಂದರೆ ಅದರ ರೇಡಿಯೋ ಚಿಪ್ಪನ್ನು ನಡೆಸುವ ಪ್ರೋಗ್ರಾಮು, ನಾನು ಬರೆದದ್ದು. ನಿವೃತ್ತನಾಗುವ ದಿನ ಅದರ ನೆತ್ತಿಯ ಮೇಲೆ "ಈ ಭಾಗದ ಬೀಗಗಳನ್ನು ಮೂಲ ಲೇಖಕರ ಲಿಖಿತ ಒಪ್ಪಿಗೆಯಿಲ್ಲದೆ ಯಾರೂ ಬದಲಿಸತಕ್ಕದ್ದಲ್ಲ" ಎಂದು ಬರೆದಿಟ್ಟು ಬಂದೆ. "ಮಾವ, ನೀವು ಕೋಡಿನೊಳಗೂ ಅರ್ಜಿ ಬರೀತೀರಲ್ಲ!" ಎಂದು ನೀನು ನಕ್ಕಿದ್ದೆ. ನಾನು ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿದ್ದೆ.

ಕಳೆದ ತಿಂಗಳು ಮುದ್ರಿಸಿದ ಹಾಳೆಗಳನ್ನು ಹಿಡಿದು ನೀನು ಮನೆಗೆ ಬಂದೆ. ಯಾವ ಸಂದೇಶ ಹೋಯಿತು, ಯಾವುದು ಬಾಕಿ ಎಂಬ ಪಟ್ಟಿಯನ್ನು ಪ್ರೋಗ್ರಾಮಿನ ಒಂದು ಭಾಗ ತಿದ್ದುವಾಗ ಇನ್ನೊಂದು ಕೈಹಾಕದಿರಲೆಂದು ನಾನು ಬೀಗ ಇಟ್ಟಿದ್ದೆ. ಆ ಬೀಗ ಸಿಗದವನು ನಿದ್ರಿಸುವುದಿಲ್ಲ. ಸಿಕ್ಕಿತೇ ಸಿಕ್ಕಿತೇ ಎಂದು ನಿಂತಲ್ಲೇ ಸುತ್ತುತ್ತಿರುತ್ತಾನೆ. ಆದರೆ ರೇಡಿಯೋ ಚಿಪ್ಪು ಕರೆದೊಡನೆ ಪ್ರೊಸೆಸರ್ ಕೈಯಲ್ಲಿರುವ ಕೆಲಸವನ್ನು ಅರ್ಧಕ್ಕೇ ಬಿಟ್ಟು ಓಡಬೇಕು. ಬೀಗ ಹಿಡಿದ ಕೆಲಸವನ್ನೇ ಅರ್ಧಕ್ಕೆ ಬಿಟ್ಟು ಬಂದು, ಅದೇ ಬೀಗಕ್ಕಾಗಿ ಕಾಯತೊಡಗಿದರೆ?

"ಬೀಗ ಹಾಕೋ ಮೊದ್ಲು ಚಿಪ್ಪಿನ ಕರೆ ನಿಲ್ಲಿಸ್ಬೇಕಿತ್ತು ಮಾವ. ಇಲ್ದಿದ್ರೆ ತಾನೇ ಹಿಡ್ಕೊಂಡಿರೋ ಬೀಗಕ್ಕೆ ತಾನೇ ಕಾಯ್ತಾ ನಿಂತ್ಬಿಡುತ್ತೆ. ಯಾರು ಬಿಡಿಸ್ಬೇಕು ಅದನ್ನ?" ಎಂದೆ ನೀನು.

"ಹದಿನಾಲ್ಕು ವರ್ಷ ಕೆಡದೆ ನಡೆದಿದೆ ಅದು. ನಿನ್ನೆ ಮೊಟ್ಟೆಯೊಡೆದು ಬಂದವಳು ತಾಯಿಕೋಳಿಗೆ ಕೆದರೋದು ಕಲಿಸ್ಬೇಡ" ಎಂದೆ ನಾನು.

ನನಗೂ ಕಾರಣವಿತ್ತು, ಮಗಳೇ. ಆ ಪ್ರೊಸೆಸರಿನಲ್ಲಿ ಎರಡು ಕೋರುಗಳು, ಒಂದೇ ತಲೆಯೊಳಗೆ ಎರಡು ಮಿದುಳಿದ್ದಂತೆ. ಬೀಗ ಹಿಡಿಯುವುದು ಮೊದಲನೆಯದು, ಚಿಪ್ಪಿನ ಕರೆಗೆ ಓಗೊಡುವುದು ಎರಡನೆಯದು. ಎರಡನೆಯದು ಕ್ಷಣಕಾಲ ಕಾದರೆ ಮೊದಲನೆಯದು ಬೀಗ ಬಿಟ್ಟುಕೊಡುತ್ತದೆ. ಕರೆಯನ್ನೇ ನಿಲ್ಲಿಸಿದರೆ ರೇಡಿಯೋ ಕಿವುಡಾಗುತ್ತದೆಂದು ನಾನು ವಾದಿಸಿದೆ. ನೀನು ಒಂದೇ ಪ್ರಶ್ನೆ ಕೇಳಿದೆ: "ಪ್ಲಗ್ ಕಿತ್ತು, ಬ್ಯಾಟರಿ ಮೇಲೆ ಓಡಿಸಿ ನೋಡಿದೀರಾ?" ನಾನು ಎದ್ದುಹೋದೆ. ನೋಡಿರಲಿಲ್ಲ. ನಮ್ಮ ಪರೀಕ್ಷೆಯ ಮೇಜಿನ ಮೇಲೆ ಯಾವ ಯಂತ್ರದ ಪ್ಲಗ್ಗನ್ನೂ ಯಾರೂ ಕೀಳುತ್ತಿರಲಿಲ್ಲ. ಮತ್ತೆ ಚಾರ್ಜಾಗುವತನಕ ಕಾಯುವ ತಾಳ್ಮೆ ಯಾರಿಗಿತ್ತು? ಪ್ಲಗ್ ಕಿತ್ತಾಗ ಬ್ಯಾಟರಿ ಉಳಿಸಲು ಎರಡನೆಯ ಕೋರನ್ನು ಮಲಗಿಸುವ ಬದಲಾವಣೆಗೆ ಮೂರು ವರ್ಷದ ಹಿಂದೆ ಸಹಿ ಹಾಕಿದವನೂ ನಾನೇ. ಅದು ಮಲಗಿದರೆ ಬೀಗವೂ ಕರೆಯೂ ಒಂದೇ ಕೋರಿನ ತಲೆಗೆ ಬೀಳುತ್ತವೆಂಬುದು ಆಗ ಹೊಳೆಯಲಿಲ್ಲ.

ನಿನ್ನೆ ಸ್ಕ್ಯಾನಿಗೆ ಕರೆದೊಯ್ಯಲು ಬಂದವನು ಪ್ಲಗ್ ಕಿತ್ತು ನಮ್ಮದೇ ಕಂಪನಿಯ ಮಾನಿಟರನ್ನು ತಳ್ಳುಗಾಡಿಯ ಮೇಲೆ ನನ್ನ ಕಾಲ ಬಳಿ ಇಟ್ಟ. ಎದೆಬಡಿತದ ಅಂಕಿ ಎಪ್ಪತ್ತೆಂಟು. ಗಾಡಿ ತಿರುವಿನಲ್ಲಿ ಗೋಡೆಗೆ ಬಡಿದು ನೋವು ನೆತ್ತಿಗೇರಿತು. ಎದೆ ಡವಡವನೆ ಹೊಡೆದುಕೊಂಡಿತು. ಎಪ್ಪತ್ತೆಂಟು. ಗಾಡಿ ತಳ್ಳುವವನು ಬಗ್ಗಿ ನೋಡಿ, "ಏನ್ ಯಜಮಾನ್ರೇ, ಎದೆಯೋ ಬಂಡೆಯೋ? ಕದಲೋದೇ ಇಲ್ವಲ್ಲ!" ಎಂದು ಮೆಚ್ಚಿಕೊಂಡ. ಗಾಡಿ ನಿಂತಾಗ ನಾನು ಕತ್ತಿನ ಮೇಲೆ ಬೆರಳಿಟ್ಟು ಗೋಡೆಗಡಿಯಾರ ನೋಡುತ್ತ ಎಣಿಸಿದೆ. ನೂರ ಹನ್ನೆರಡು. ಪರದೆಯ ಮೂಲೆಯಲ್ಲಿದ್ದ ಸಮಯವೂ ಕಾಲು ಗಂಟೆಯ ಹಿಂದೆಯೇ ನಿಂತುಹೋಗಿತ್ತು. ಕೂಗು ಇಲ್ಲ, ಕೆಂಪು ದೀಪವಿಲ್ಲ. ಕೂಗಬೇಕಾದ ಕೋರೇ ಬೀಗದ ಮುಂದೆ ಸುತ್ತುತ್ತಿದ್ದರೆ ಕೂಗುವವರು ಯಾರು?

ವಾರ್ಡಿಗೆ ಮರಳಿದ ಮೇಲೆ ದಾದಿ ಸಹಜವಾಗಿ ಸ್ವಿಚ್ ಒತ್ತಿದಳು. "ಇದು ಆಗಾಗ ಹೀಗೇ ತಾತ. ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ. ಹೋದ ವಾರ ಆ ಮೂಲೆಯವರದ್ದೂ ಹಿಂಗೇ ಆಗಿತ್ತು."

ಮೂಲೆಯ ಹಾಸಿಗೆ ಖಾಲಿಯಿದೆ. ಹೊದಿಕೆ ಮಡಿಸಿಟ್ಟಿದ್ದಾರೆ. ನಾನು ನಿನ್ನ ತಾಯಿಗೆ ಕಾಗದ, ಪೆನ್ನು ತರಲು ಹೇಳಿದೆ.

ಆದಕಾರಣ, ಆ ಬೀಗಗಳನ್ನು ಬದಲಿಸಲು ಈ ಮೂಲಕ ನನ್ನ ಪೂರ್ಣ ಒಪ್ಪಿಗೆಯನ್ನು ಕೊಟ್ಟಿರುತ್ತೇನೆ. ಪಟ್ಟಿಯನ್ನು ತಿದ್ದುವಾಗ ಚಿಪ್ಪಿನ ಕರೆಯನ್ನು ನಿಲ್ಲಿಸಿಯೇ ಬೀಗ ಹಿಡಿ. ಬಿಡುವಾಗ ಮೊದಲಿದ್ದ ಸ್ಥಿತಿಗೇ ಮರಳಿಸು. ಆ ಬೀಗದೊಳಗೆ ತಿದ್ದುವುದಷ್ಟೇ ನಡೆಯಲಿ. ಚಿಪ್ಪಿಗೆ ಹೊಸ ಸೆಟ್ಟಿಂಗ್ ಬರೆಯುವಂಥ ನಿಧಾನದ ಕೆಲಸವನ್ನು ಹೊರಗಿಡು. ಅದಕ್ಕೆ ಕಾಯುವವನು ಮಲಗಬಹುದಾದ ಬೀಗ ಸಾಕು. ಆದರೆ ಚಿಪ್ಪಿನ ಕರೆಗೆ ಓಗೊಡುವ ಭಾಗ ಈ ಎರಡನೆಯ ಬೀಗವನ್ನು ಎಂದೂ ಮುಟ್ಟಬಾರದು. ಅದಕ್ಕೆ ಮಲಗುವ ಹಕ್ಕಿಲ್ಲ. ಪ್ಲಗ್ ಕಿತ್ತು ಪರೀಕ್ಷಿಸು. ತಿದ್ದುಪಡಿಯ ಟಿಪ್ಪಣಿಯಲ್ಲಿ ತಪ್ಪು ಮೂಲ ಲೇಖಕನದೆಂದೂ, ತೋರಿಸಿಕೊಟ್ಟಾಗ ಆತ ಒಪ್ಪಲಿಲ್ಲವೆಂದೂ ಬರೆ. ಮಾವನ ಮರ್ಯಾದೆಯೆಂದು ಒಂದಕ್ಷರವನ್ನೂ ನುಂಗಬೇಡ. ತಿದ್ದುವತನಕ ಸುಮ್ಮನಿರುವುದೂ ಬೇಡ; ಪ್ಲಗ್ ಕಿತ್ತ ಯಂತ್ರವನ್ನು ನಂಬದೆ ರೋಗಿಯ ನಾಡಿ ಹಿಡಿದು ನೋಡಿ ಎಂದು ಎಲ್ಲ ಆಸ್ಪತ್ರೆಗಳಿಗೂ ಇಂದೇ ತಿಳಿಸಲು ನಿನ್ನ ಮೇಲಧಿಕಾರಿಯ ಮುಂದೆ ಈ ಕಾಗದವನ್ನು ಇಡು.

ಡಾಕ್ಟರಿಗೂ ಹೇಳಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಎಲ್ಲರಿಗೂ ಹೆದರಿಕೆ ಇರುತ್ತದೆಂದು ಭುಜ ತಟ್ಟಿ ಹೋದರು.

ಗಾಡಿ ಬಂದಿದೆ. ನಿನ್ನ ತಾಯಿ ನನ್ನ ಮಣಿಕಟ್ಟು ಹಿಡಿದು ಜೊತೆಗೆ ನಡೆದುಬರುತ್ತಾಳೆ. ಶಸ್ತ್ರಚಿಕಿತ್ಸೆಯ ಕೋಣೆಯ ಹೊರಬಾಗಿಲಿನಿಂದ ಆಚೆ ಅವಳನ್ನು ಬಿಡುವುದಿಲ್ಲವಂತೆ. ಅಲ್ಲಿಂದ ಕಾಗದದೊಡನೆ ನೇರವಾಗಿ ನಿನ್ನ ಬಳಿಗೆ ಬರುತ್ತಾಳೆ. ಒಳಗೆ ಮತ್ತೆ ಪ್ಲಗ್ ಹಾಕುವತನಕ ಇಪ್ಪತ್ತು ಹೆಜ್ಜೆ ಇದೆಯೆಂದು ಗಾಡಿಯವನು ಹೇಳುತ್ತಾನೆ. ಆ ಇಪ್ಪತ್ತು ಹೆಜ್ಜೆಯಲ್ಲಿ ನನ್ನನ್ನು ಕಾಯುವುದು ಆ ಮಾನಿಟರಿನೊಳಗೆ ನಾನು ಬರೆದದ್ದು ಮಾತ್ರ.

ದೊಡ್ಡವರು ಗದರಿದರೆಂದು ಬಾಯಿ ಮುಚ್ಚಿಕೊಳ್ಳುವ ದಿನ ನಿನಗೆಂದೂ ಬಾರದಿರಲಿ. ದೀರ್ಘಾಯುವಾಗು, ತಾಯಿ.

ಸ್ವಹಸ್ತದಿಂದ ಬರೆದು ಒಪ್ಪಿದ,
ನಿನ್ನ ಮಾವ